ಫೋನಿನಾಗ ಓದಿದ್ದು ಒಂಬತ್ತನೇ ಕ್ಲಾಸಿನವರಿಗೆ ಯಾಕ ನೆನಪು ಉಳಿಯಂಗಿಲ್ಲ?

ಗದಗಿನ ಮಾಸ್ತರ್:
ಹುಡುಗರು ಸಮಾಜ ವಿಜ್ಞಾನ ಪಿಡಿಎಫ್‌ನಾಗ ಓದ್ತಾರ. ಪ್ರಶ್ನೆ ಕೇಳಿದ್ರ ಉತ್ತರ ಯಾವ ಕಡೆ ಐತಿ ಅನ್ನೂದೂ ಗೊತ್ತಿರಂಗಿಲ್ಲ. ಫೋನ್ ಪೂರಾ ಬಂದ್ ಮಾಡಿಸಬೇಕೋ, ಬ್ಯಾರೆ ದಾರಿ ಐತೋ?

ಧಾರವಾಡ ಲೈಬ್ರರಿ ಅಕ್ಕಾರು:
ಬಂದ್ ಬ್ಯಾಡ್ರಿ ಸರ್, ಮೊದಲ ಫೈಲ್ ನೋಡ್ರಿ. ಎ4 ಪುಟ ಆರು ಇಂಚಿನ ಪರದೆಗೆ ಹಿಡಿಸಂಗಿಲ್ಲ. ಹಿಗ್ಗಿಸಿದ್ರ ಪ್ರತಿ ಸಾಲಿಗೂ ಎಡಕ್ಕ-ಬಲಕ್ಕ ಸರಿಸಬೇಕು, ಮೂರನೇ ಸಾಲಿಗೆ ಹುಡುಗ ಜಾಗ ತಪ್ಪತಾನ. ಪುಸ್ತಕದಾಗ ‘ಎಡಪುಟದ ಕೆಳಗ, ನಕಾಶೆ ಬಾಜೂಕ’ ಅಂತ ಕಣ್ಣು ಗುರುತು ಹಿಡಿದಿರತೈತಿ. ಸ್ಕ್ರೋಲ್ ಮಾಡಿದ್ರ ಆ ಗುರುತೇ ಇಲ್ಲ. ಇಪಬ್ ಅನ್ನೋ ಇ-ಪುಸ್ತಕದ ಫೈಲ್ ಸಿಕ್ಕರ ಚಲೋ, ಅಕ್ಷರ ದೊಡ್ಡದು ಮಾಡಿದ್ರೂ ಸಾಲು ತಾನಾಗಿ ಹೊಂದ್ಕೊಳ್ಳತೈತಿ. ಹಳೇ ನುಡಿ ಫಾಂಟಿನ ಪಿಡಿಎಫ್ ಇದ್ರಂತೂ ಯುನಿಕೋಡ್‌ನಾಗ (ಈಗ ಫೋನಿನಾಗ ಟೈಪ್ ಮಾಡೋ ಅಕ್ಷರ ಪದ್ಧತಿ) ಹುಡುಕಿದ ಶಬ್ದ ಸಿಗಂಗಿಲ್ಲ. ಹುಡುಗರು ‘ಪಾಠದಾಗ ಇಲ್ರೀ’ ಅಂದುಬಿಡ್ತಾರ!

ಹಾವೇರಿ ಕನ್ನಡ ಮಾಸ್ತರ್:
54 ಅಧ್ಯಯನ ಕೂಡಿಸಿ ನೋಡಿದ 2018ರ ವಿಶ್ಲೇಷಣೆಯಾಗ ಮಾಹಿತಿ ಪಾಠಕ್ಕ, ಅದೂ ಟೈಮ್ ಇಟ್ಟು ಓದಿಸಿದಾಗ, ಪರದೆಗಿಂತ ಕಾಗದನ ಮೇಲು. ಬರೇ ಕತೆಯಾಗ ಅಂಥ ಫರಕ್ ಕಾಣಲಿಲ್ಲ. ಹಂಗಾಗಿ ಕತೆ ಫೋನಿನಾಗ ಇರಲಿ, ಸಮಾಜ ಕಾಗದದಾಗ. 4 ಪುಟ, 20 ನಿಮಿಷ, ಆಮೇಲೆ ಪುಸ್ತಕ ಮುಚ್ಚಿ 5 ಸಾಲು ಬರಸ್ರಿ. ಫೋನ್ ಬ್ಯಾರೆ ಖೋಲ್ಯಾಗ ಇರಲಿ. ಬಾಜೂಕ ಬೋರಲು ಇಟ್ಟರ ಸಾಲಂಗಿಲ್ಲ, ಗುಂಯ್ ಅಂದ್ರ ಲಕ್ಷ್ಯ ಅತ್ಲಾಗ.

ಗದಗಿನ ಮಾಸ್ತರ್:
ಪುಸ್ತಕದಾಗಿನ ಕ್ಯೂಆರ್ ಕೋಡಿನ ದೀಕ್ಷಾ (ಸರಕಾರದ ಕಲಿಕಾ ಆ್ಯಪ್) ವಿಡಿಯೋ?

ಧಾರವಾಡ ಲೈಬ್ರರಿ ಅಕ್ಕಾರು:
ಓದಿದ ಮ್ಯಾಲೆ ತೋರಸ್ರಿ. ಮೊದಲ ತೋರಿಸಿದ್ರ ಪುಸ್ತಕ ತೆಗಿಯಂಗಿಲ್ಲ ಬಿಡ್ರಿ.