ಚಿಕ್ಕಪ್ಪ, ಫೋನ್ ಕೆಟ್ಟಿಲ್ಲ

ಅತ್ತಿಗೆ, ನಿಮ್ಮ ಪ್ರಶ್ನೆಗೆ ಬರುತ್ತೇನೆ, ಮೊದಲು ಚಿಕ್ಕಪ್ಪನ ದೂರನ್ನು ಮುಗಿಸಿಬಿಡುತ್ತೇನೆ. ಮೊನ್ನೆ ನಾನು ನಮ್ಮ ಮನೆಯವರ ಮೊಬೈಲ್ ಗುಂಪಿಗೆ ಹಾಕಿದ 'ಮಾತ್‌ಲೈಟ್' ಎಂಬ ಕಿರುಚಿತ್ರ ನೋಡಿ ಅವರು ಬರೆದಿದ್ದಾರೆ: ಸದ್ದಿಲ್ಲ, ಕಥೆಯಿಲ್ಲ, ನಾಲ್ಕು ನಿಮಿಷ ಬರೀ ಕಸ ಹಾರಾಡಿತು, ಫೋನೇ ಕೆಟ್ಟಿತೇನೋ ಎಂದುಕೊಂಡೆ ಎಂದು. ಚಿಕ್ಕಪ್ಪ, ಫೋನ್ ಕೆಟ್ಟಿಲ್ಲ. ಅದು ಮೂಕಚಿತ್ರವೇ. ಹಾರಾಡಿದ್ದೂ ನಿಜವಾಗಿ ಕಸವೇ! ಅಮೆರಿಕದ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ಸತ್ತ ಪತಂಗಗಳ ರೆಕ್ಕೆ, ಹುಲ್ಲಿನ ಎಸಳು, ಎಲೆಗಳನ್ನು ಎರಡು ಪಾರದರ್ಶಕ ಟೇಪುಗಳ ನಡುವೆ ಅಂಟಿಸಿ, ಆ ಪಟ್ಟಿಯನ್ನೇ ಫಿಲ್ಮಿಗೆ ಮುದ್ರಿಸಿದರು. ಕ್ಯಾಮೆರಾ ಮುಟ್ಟಲೇ ಇಲ್ಲ. ದೀಪಕ್ಕೆ ಬಿದ್ದು ಸಾಯುವ ಹುಳು ಪ್ರೊಜೆಕ್ಟರಿನ ದೀಪದಲ್ಲಿ ಮತ್ತೆ ರೆಕ್ಕೆ ಬಡಿಯುತ್ತದೆ.

ತಪ್ಪು ನನ್ನದೂ ಇದೆ. ನಾನು ಕೊಂಡಿ ಕಳುಹಿಸುವ ಬದಲು ಫೈಲನ್ನೇ ಕಳುಹಿಸಿದೆ, ಕಳುಹಿಸುವಾಗ ಅದು ಕುಗ್ಗಿಹೋಯಿತು. ಹಿಂದಿನ ಚೌಕಟ್ಟಿಗೂ (ಫ್ರೇಮ್, ಅಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ) ಈಗಿನದಕ್ಕೂ ಹೋಲಿಕೆಯಿದ್ದರೆ ಮಾತ್ರ ವಿಡಿಯೊವನ್ನು ಅಂದಗೆಡದಂತೆ ಕುಗ್ಗಿಸಬಹುದು. ಇಲ್ಲಿ ಒಂದೊಂದು ಚೌಕಟ್ಟೂ ಬೇರೆ. ರೆಕ್ಕೆಯ ನರಗಳೆಲ್ಲ ಕಲಸಿಹೋಗಿ ನಿಮಗೆ ಬಂದದ್ದು ಕಂದು ಬಣ್ಣದ ಗಂಜಿ. ಇಂಥವನ್ನು ದೊಡ್ಡ ಪರದೆಯಲ್ಲಿ, ಕೋಣೆಯ ದೀಪ ಆರಿಸಿ, ಸಿಕ್ಕಷ್ಟೂ ಒಳ್ಳೆಯ ಪ್ರತಿಯಲ್ಲಿ ನೋಡಬೇಕು.

ಈಗ ಅತ್ತಿಗೆಯ ಪ್ರಶ್ನೆ: ಇಂಥವು ನನ್ನ ಮೊಬೈಲಿಗೆ ತಾವಾಗಿ ಏಕೆ ಬರುವುದಿಲ್ಲ, ನೀನು ಎಲ್ಲಿ ಹುಡುಕುತ್ತೀಯ? ಬರುವುದಿಲ್ಲ, ಏಕೆಂದರೆ ಮೊಬೈಲು ತೋರಿಸುವುದು ನೀವು ನಿನ್ನೆ ನೋಡಿದ್ದರ ಅಣ್ಣತಮ್ಮಂದಿರನ್ನು. 'ವಿಚಿತ್ರ ಕಿರುಚಿತ್ರ' ಎಂದು ಹುಡುಕಿದರೆ ದೆವ್ವದ ಚಿತ್ರಗಳು ಸಾಲುಗಟ್ಟುತ್ತವೆ. ನಾನು ಹುಡುಕುವುದು ಚಿತ್ರ ಯಾವುದರಿಂದ ಆಗಿದೆ ಎಂಬುದನ್ನು ಹಿಡಿದು. ಮರಳು, ಜೇಡಿಮಣ್ಣು, ಗಾಜಿನ ಮೇಲಿನ ಬಣ್ಣ, ಗುಂಡುಸೂಜಿ. ಹೌದು, ಗುಂಡುಸೂಜಿಯೇ: ಕಲಾವಿದರಾದ ಅಲೆಕ್ಸೇಯೆಫ್ ಮತ್ತು ಕ್ಲೇರ್ ಪಾರ್ಕರ್ ಸಾವಿರಾರು ಸೂಜಿಗಳನ್ನು ಹಲಗೆಯಲ್ಲಿ ಹಿಂದೆಮುಂದೆ ತಳ್ಳಿ, ಅವುಗಳ ನೆರಳಿನಿಂದಲೇ 1933ರಲ್ಲಿ ಒಂದು ಚಿತ್ರ ಮಾಡಿದರು.

ಮರಳಿನದಾದರೆ ಕ್ಯಾರೊಲಿನ್ ಲೀಫ್. ಕೆಳಗಿನಿಂದ ಬೆಳಕು ಬಿಟ್ಟ ಗಾಜು, ಮೇಲೆ ಮರಳು, ಬೆರಳಿನಿಂದ ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಮುಂದಿನ ಚಿತ್ರ ಹುಟ್ಟುವಾಗ ಹಿಂದಿನದು ಅಳಿಯುತ್ತದೆ, ತಪ್ಪಾದರೆ ಹಿಂದಿರುಗುವ ದಾರಿಯಿಲ್ಲ. ರಷ್ಯಾದ ಪೆಟ್ರೋವ್ ಗಾಜಿನ ಮೇಲೆ ಎಣ್ಣೆಬಣ್ಣವನ್ನು ಬೆರಳ ತುದಿಯಲ್ಲಿ ತೀಡಿ 29,000ಕ್ಕೂ ಹೆಚ್ಚು ಚಿತ್ರ ಬರೆದು 'ದಿ ಓಲ್ಡ್ ಮ್ಯಾನ್ ಅಂಡ್ ದ ಸೀ' ಮಾಡಿದರು. ಸಿಕ್ಕಿದ್ದು ಸುಮಾರು 20 ನಿಮಿಷದ ಸಿನಿಮಾ, ಜೊತೆಗೆ ಆಸ್ಕರ್. ನನಗೆ ಲೀಫ್ ಹೆಚ್ಚು ಇಷ್ಟ, ಪೆಟ್ರೋವ್ ಕೆಲವೊಮ್ಮೆ ತೀರಾ ಚೆಂದ.

ಒಂದು ಚಿತ್ರ ಹಿಡಿಸಿದರೆ ಕೊನೆಯಲ್ಲಿ ಬರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ, ಅಲ್ಲಿಂದ ಮುಂದಿನದು ಸಿಗುತ್ತದೆ. ಫ್ರಾನ್ಸಿನ ಆನ್ಸಿ, ಜರ್ಮನಿಯ ಓಬರ್‌ಹೌಸನ್ ಚಿತ್ರೋತ್ಸವಗಳ ಹಳೆಯ ಬಹುಮಾನ ಪಟ್ಟಿಗಳೂ ಒಳ್ಳೆಯ ಗಣಿ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತನ್ನ ಎಷ್ಟೋ ಚಿತ್ರಗಳನ್ನು ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿದೆ. ನಾರ್ಮನ್ ಮ್ಯಾಕ್‌ಲಾರೆನ್ ಅಲ್ಲೇ ಕೆಲಸ ಮಾಡಿದವರು. ಅವರ 'ನೇಬರ್ಸ್' (1952) ಚಿತ್ರದಲ್ಲಿ ಇಬ್ಬರು ನೆರೆಯವರು ಒಂದು ಹೂವಿಗಾಗಿ ಜಗಳವಾಡುತ್ತಾರೆ. ನಟರು ಹಾರಿದಾಗ, ಗಾಳಿಯಲ್ಲಿರುವ ಕ್ಷಣಗಳನ್ನಷ್ಟೇ ಒಂದೊಂದು ಚೌಕಟ್ಟಾಗಿ ತೆಗೆದಿರುವುದರಿಂದ ಮನುಷ್ಯರು ನೆಲ ಮುಟ್ಟದೆ ತೇಲುತ್ತಾರೆ. ಸಂಗೀತವೂ ವಾದ್ಯದ್ದಲ್ಲ, ಫಿಲ್ಮಿನ ಅಂಚನ್ನು ಗೀರಿ ಹೊರಡಿಸಿದ ಸದ್ದು. ಮಕ್ಕಳಿಗೆ ತೋರಿಸುವ ಮುನ್ನ ನೀವೊಮ್ಮೆ ನೋಡಿ, ಕೊನೆಯ ಭಾಗ ಕ್ರೂರವಾಗಿದೆ, ಹಸುಗೂಸನ್ನೂ ಬಿಡುವುದಿಲ್ಲ. ಚೆಕ್ ನಿರ್ದೇಶಕ ಶ್ವಾಂಕ್‌ಮೇಯರ್ ಚಿತ್ರಗಳನ್ನಂತೂ ಊಟದ ಹೊತ್ತಿಗೆ ಹಾಕಬೇಡಿ.

ಇಂದು ರಾತ್ರಿ ಎಲ್ಲರೂ ಕೂತು ನೋಡುವುದಾದರೆ ರಷ್ಯಾದ ಯೂರಿ ನಾರ್‌ಸ್ಟೈನ್ ಅವರ 'ಹೆಡ್ಜ್‌ಹಾಗ್ ಇನ್ ದ ಫಾಗ್' (1975). ಹತ್ತೇ ನಿಮಿಷ. ಕರಡಿಮರಿಯ ಜೊತೆ ಕೂತು ನಕ್ಷತ್ರ ಎಣಿಸಲು ಹೊರಟ ಮುಳ್ಳಿಲಿಯೊಂದು ಮಂಜಿನಲ್ಲಿ ಬಿಳಿಯ ಕುದುರೆಯನ್ನು ಕಂಡು ದಾರಿ ತಪ್ಪುತ್ತದೆ. ಆ ಮಂಜನ್ನು ಗಮನಿಸಿ. ಚಿತ್ರದ ಮೇಲೆ ತೀರಾ ತೆಳುವಾದ ಹಾಳೆಯೊಂದನ್ನಿಟ್ಟು, ಅದನ್ನು ಚೌಕಟ್ಟಿಗಿಷ್ಟಿಷ್ಟೇ ಕ್ಯಾಮೆರಾದ ಕಡೆಗೆ ಎತ್ತುತ್ತಾ ಹೋಗಿದ್ದಾರೆ. ಹಾಳೆ ಮೇಲೇರಿದಂತೆ ಕುದುರೆ ಮಸುಕಾಗುತ್ತಾ ಹೋಗುತ್ತದೆ. ಇದು ಗೊತ್ತಿದ್ದೂ ನನಗೆ ಪ್ರತಿ ಸಲವೂ ಅದು ಮಂಜಾಗಿಯೇ ಕಾಣುತ್ತದೆ.

ಚಿಕ್ಕಪ್ಪ, ಇದರಲ್ಲಿ ಕಥೆಯೂ ಇದೆ, ಸದ್ದೂ ಇದೆ. ಈ ಸಲ ಕೊಂಡಿಯನ್ನೇ ಹಾಕುತ್ತೇನೆ.