‘ಮಿನಿಮಲಿ ಇನ್ವೇಸಿವ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕರುಳಿನ ಉರಿಯೂತದ ರೋಗಿಗಳಿಗೆ ತುರ್ತಾಗಿ ಮಾಡಬೇಕಾಗುವ ಶಸ್ತ್ರಚಿಕಿತ್ಸೆಯನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಾ ‘ಮಿನಿಮಲಿ ಇನ್ವೇಸಿವ್’ (ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ತೂತುಗಳ ಮೂಲಕ ಮಾಡುವ) ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಜಾಲತಾಣಗಳಲ್ಲಿ ಕಾಣುವ ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಎಂಬುದನ್ನು ಓದಿದ ರೋಗಿಗೆ, ವೈದ್ಯರು ತನ್ನ ಮೇಲೆ ದಂಡೆತ್ತಿ ಬರುತ್ತಿದ್ದಾರೆ, ಸೈನ್ಯ ಮಾತ್ರ ಸಣ್ಣದು ಎನಿಸಿದರೆ ಅಚ್ಚರಿಯಿಲ್ಲ.

ಮೂಲಪದದ ‘ಕನಿಷ್ಠ’ವು ಹೊಟ್ಟೆಯ ಗೋಡೆಗೆ ಆಗುವ ಗಾಯಕ್ಕಷ್ಟೇ ಸಲ್ಲುತ್ತದೆ. ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಉಲ್ಬಣಿಸಿ ಸ್ಟೀರಾಯ್ಡಿಗೂ ಬಗ್ಗದಿದ್ದಾಗ, ಇಲ್ಲವೇ ದೊಡ್ಡ ಕರುಳು 6 ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗಿ ಮೈಗೆಲ್ಲ ನಂಜೇರಿದಾಗ, ಗುದನಾಳವನ್ನು ಉಳಿಸಿ ಮಿಕ್ಕ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿಡುವುದು ವಾಡಿಕೆ. ಯಾವ ವಿಧಾನದಲ್ಲಿ ಮಾಡಿದರೂ ಒಳಗೆ ತೆಗೆಯುವ ಕರುಳು ಅಷ್ಟೇ. ಆದುದರಿಂದ ‘ಕಿರು ಶಸ್ತ್ರಚಿಕಿತ್ಸೆ’ ಎಂಬುದು ಸಲ್ಲದು; ‘ಸಣ್ಣ ಆಪರೇಷನ್’ ಎಂದೇ ಮನೆಯವರು ತಿಳಿದುಬಿಡುತ್ತಾರೆ.

‘ರಂಧ್ರ ಶಸ್ತ್ರಚಿಕಿತ್ಸೆ’ ಬೇರೆಡೆ ಒಗ್ಗೀತು, ಇಲ್ಲಿ ಒಗ್ಗದು. ಈ ಕಾಯಿಲೆಯಲ್ಲಿ ಕರುಳೇ ತೂತಾಗುವುದುಂಟಾದ್ದರಿಂದ, ರಂಧ್ರದ ಮೂಲಕ ಮಾಡುವುದೋ ರಂಧ್ರಕ್ಕಾಗಿ ಮಾಡುವುದೋ ಎಂಬ ಗೊಂದಲ ತಪ್ಪದು. ‘ಉದರದರ್ಶಕ’ವು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಗೆ ಸರಿಹೊಂದುತ್ತದೆ, ಆದರೆ ರೋಬೋಟಿನ ನೆರವಿನ ಶಸ್ತ್ರಚಿಕಿತ್ಸೆಯೂ ಇದೇ ಗುಂಪಿಗೆ ಸೇರುವುದರಿಂದ ಅದರ ವ್ಯಾಪ್ತಿ ಸಾಲದು. ‘ಕಿರುಛೇದ’ ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸವಾಯಿತು. ನನ್ನ ಒಲವು ‘ಕಿರುಗಾಯದ ಶಸ್ತ್ರಚಿಕಿತ್ಸೆ’ಯ ಕಡೆಗಿದೆ, ‘ಗಾಯ’ ಎಂಬುದು ಏಟನ್ನು ನೆನಪಿಸುತ್ತದಲ್ಲ ಎಂಬ ಅಳುಕೂ ಇದೆ. ಇನ್ನೊಂದು ವಿಧಾನವಾದ ‘ಓಪನ್ ಸರ್ಜರಿ’ಗೆ ‘ತೆರೆದ ಶಸ್ತ್ರಚಿಕಿತ್ಸೆ’ ಎನ್ನುವುದಕ್ಕಿಂತ ‘ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ’ ಎಂದರೆ ಸ್ಪಷ್ಟ, ಏಕೆಂದರೆ ತೆರೆದದ್ದು ಶಸ್ತ್ರಚಿಕಿತ್ಸೆಯಲ್ಲ, ಹೊಟ್ಟೆ.

ಇದಕ್ಕಿಂತ ಹೆಚ್ಚು ಕಾಡುತ್ತಿರುವ ಪದ ‘ತುರ್ತು’. ಕರುಳು ತೂತಾಗಿ ರಕ್ತದೊತ್ತಡ ಕುಸಿದ ರೋಗಿಗೆ ಗಂಟೆಗಳ ಲೆಕ್ಕ. ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು, ಮೂರನೆಯ ದಿನದ ಹೊತ್ತಿಗೆ ಗುಣ ಕಾಣದೆ, ಮುಂದಿನ ಔಷಧವೋ ಶಸ್ತ್ರಚಿಕಿತ್ಸೆಯೋ ಎಂದು ವೈದ್ಯರು ಯೋಚಿಸುವ ರೋಗಿಗೆ ದಿನಗಳ ಲೆಕ್ಕ. ಇಂಗ್ಲಿಷಿನಲ್ಲಿ ‘ಎಮರ್ಜೆನ್ಸಿ’, ‘ಅರ್ಜೆಂಟ್’ ಎಂಬ ಎರಡು ಪದಗಳಿವೆ. ನಾವು ಎರಡಕ್ಕೂ ‘ತುರ್ತು’ ಎನ್ನುತ್ತೇವೆ. ಕಿರುಗಾಯದ ವಿಧಾನಕ್ಕೆ ಆರಿಸಿಕೊಳ್ಳುವುದು ಹೆಚ್ಚಾಗಿ ಎರಡನೆಯ ಬಗೆಯವರನ್ನು. ಮೊದಲಿನವರಿಗೆ ಬಹುಮಟ್ಟಿಗೆ ಹೊಟ್ಟೆ ತೆರೆಯುತ್ತಾರೆ. ಹೀಗಿರುವಾಗ ಎರಡೂ ವಿಧಾನಗಳ ಫಲಿತಾಂಶವನ್ನು ಹೋಲಿಸುವ ವಾಕ್ಯದಲ್ಲಿ ಬರಿದೆ ‘ತುರ್ತು’ ಎಂದು ಬರೆದರೆ, ರೋಗಿಯ ಸ್ಥಿತಿಯಿಂದ ಉಂಟಾದ ವ್ಯತ್ಯಾಸವನ್ನು ಓದುಗರು ವಿಧಾನದ ಗುಣವೆಂದೇ ಭಾವಿಸಿಯಾರು. ಮೊದಲನೆಯದನ್ನು ‘ತತ್‌ಕ್ಷಣದ’ ಎಂದೂ ಎರಡನೆಯದನ್ನು ‘ತುರ್ತಿನ’ ಎಂದೂ ಬೇರ್ಪಡಿಸಬಹುದೇ?

ಕಿರುಗಾಯದಲ್ಲಿ ಆರಂಭಿಸಿ ನಡುವೆ ಹೊಟ್ಟೆ ತೆರೆಯಬೇಕಾಗಿ ಬರುವ ‘ಕನ್ವರ್ಷನ್’ಗೆ ‘ಹೊರಳಿಕೆ’ ಎಂದು ಬರೆದುಕೊಂಡಿದ್ದೇನೆ. ಶಸ್ತ್ರವೈದ್ಯರಾಗಿರುವವರು ರೋಗಿಯ ಮನೆಯವರಿಗೆ ಇದನ್ನು ಕನ್ನಡದಲ್ಲಿ ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.