ಈರುಳ್ಳಿ ಬೇರಿನ ಸ್ಲೈಡಲ್ಲಿ ಸೆಲ್ ಡಿವಿಷನ್ ಹಂತಗಳಾದ ಮೆಟಾಫೇಸು (ಕ್ರೋಮೋಸೋಮ್‌ಗಳು ನಡುವೆ ಸಾಲಾಗೋದು), ಅನಾಫೇಸು (ಅವು ಎರಡು ಗುಂಪಾಗಿ ದೂರ ಸರಿಯೋದು) ಒಂದೂ ಸಿಗ್ತಿಲ್ಲ, ಎಲ್ಲಿ ಎಡವಟ್ಟು?

ಪ್ರಶ್ನೆ ಕೇಳಿದವರು:
ಬೇರು ಕತ್ತರಿಸಿ ಅಸಿಟೋಕಾರ್ಮೈನ್ (ಕೆಂಪು ಸ್ಟೇನ್) ಹಾಕಿ ಸ್ಕ್ವಾಶ್ ಮಾಡಿದೀನಿ, ಅಂದ್ರೆ ಕವರ್‌ಸ್ಲಿಪ್ ಕೆಳಗೆ ಒತ್ತಿ ಚಪ್ಪಟೆ ಮಾಡಿದೀನಿ, 40ಎಕ್ಸ್‌ನಲ್ಲಿ ನೋಡಿದ್ರೆ ಬರೀ ಉದ್ದುದ್ದ ಸೆಲ್‌ಗಳು, ಒಳಗೊಂದು ದುಂಡಗಿನ ಕೆಂಪು ನ್ಯೂಕ್ಲಿಯಸ್, ಅಷ್ಟೇ. ಕ್ರೋಮೋಸೋಮ್ ಸುಳಿವೇ ಇಲ್ಲ. ಸ್ಟೇನ್ ಹಾಳಾಗಿದ್ಯಾ?

ಉತ್ತರ 1:
ನ್ಯೂಕ್ಲಿಯಸ್ ಕೆಂಪಗಿದೆ ಅಂದ್ಮೇಲೆ ಸ್ಟೇನ್ ಸರಿಯಾಗೇ ಇದೆ. ಸೆಲ್ ಉದ್ದ ಇದೆ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು, ನೀವು ನೋಡ್ತಿರೋದು ಡಿವಿಷನ್ ಮುಗಿಸಿ ಉದ್ದಕ್ಕೆ ಬೆಳೀತಿರೋ ಭಾಗ. ತೀರಾ ತುದಿಯ 1-2 ಮಿ.ಮೀ. ಮಾತ್ರ ಇಟ್ಕೊಂಡು ಉಳಿದಿದ್ದು ಬಿಸಾಕಿ. ಬಣ್ಣ ಹಿಡಿದ್ಮೇಲೆ ಆ ತುದಿ ಬೇರೆ ಕಡೆಗಿಂತ ಗಾಢವಾಗಿರುತ್ತೆ, ಅಲ್ಲಿನ ಸೆಲ್‌ಗಳು ಚಿಕ್ಕವು, ಹೆಚ್ಚುಕಮ್ಮಿ ಚೌಕ, ಒಳಗೆಲ್ಲ ನ್ಯೂಕ್ಲಿಯಸ್ಸೇ ತುಂಬ್ಕೊಂಡಿರುತ್ತೆ.

ಉತ್ತರ 2:
ಕಾಲ್ಚಿಸಿನ್ (ಸೆಲ್ ಡಿವಿಷನ್ ತಡೆಯೋ ರಾಸಾಯನಿಕ) ಹಾಕಿ ನೋಡಿ, ಮೆಟಾಫೇಸು ರಾಶಿ ಸಿಗುತ್ತೆ.

ಉತ್ತರ 1:
ಸಿಗುತ್ತೆ, ಆದ್ರೆ ಅದು ಕ್ರೋಮೋಸೋಮ್‌ಗಳನ್ನ ಎಳೆಯೋ ನೂಲುಗಳ ಗುಂಪಾದ ಸ್ಪಿಂಡಲ್ಲನ್ನೇ ಕಟ್ಟೋಕೆ ಬಿಡಲ್ಲ, ಸೆಲ್ಲು ಅಲ್ಲೇ ನಿಂತುಬಿಡುತ್ತೆ, ಇವ್ರು ಕೇಳ್ತಿರೋ ಅನಾಫೇಸು ಬರೋದೇ ಇಲ್ಲ. ಕ್ರೋಮೋಸೋಮ್ ಎಣಿಸೋರಿಗೆ ಸರಿ. ಮೇಲಾಗಿ ವಿಷ ಅದು, ಹವ್ಯಾಸಕ್ಕೆ ಬೇಡ.

ಪ್ರಶ್ನೆ ಕೇಳಿದವರು:
ತುದಿ ಮಾತ್ರ ತಗೊಂಡೆ, ಸಖತ್ ವ್ಯತ್ಯಾಸ! ಪ್ರೋಫೇಸು (ಡಿವಿಷನ್‌ನ ಮೊದಲ ಹಂತ) ತುಂಬಾ ಇದೆ, ಮೆಟಾಫೇಸು ಅಲ್ಲೊಂದು ಇಲ್ಲೊಂದು, ಅನಾಫೇಸು ಮಾತ್ರ ಹುಡುಕಿ ಸಾಕಾಯ್ತು. ಸೆಲ್‌ಗಳೂ ಒಂದರ ಮೇಲೊಂದು ಕೂತಿವೆ.

ಉತ್ತರ 3:
ಮೇಲೆಮೇಲೆ ಕೂತಿದ್ರೆ ಆಸಿಡ್ ಸಾಲ್ದು. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ 60 ಡಿಗ್ರಿಗೆ 5-10 ನಿಮಿಷ ಇಟ್ರೆ ಸೆಲ್‌ಗಳನ್ನ ಅಂಟಿಸಿರೋ ಪೆಕ್ಟಿನ್ ಸಡಿಲ ಆಗುತ್ತೆ, ಆಮೇಲೆ ಚೆನ್ನಾಗಿ ತೊಳೆದು ಬಣ್ಣ ಹಾಕಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಇರ್ಲಿ. ಒತ್ತುವಾಗ ಹೆಬ್ಬೆರಳಿಂದ ನೇರ ಕೆಳಕ್ಕೆ ಒತ್ತಿ, ಕವರ್‌ಸ್ಲಿಪ್ ಒಂಚೂರು ಪಕ್ಕಕ್ಕೆ ಜಾರಿದ್ರೂ ಎಲ್ಲಾ ಸುರುಳಿ ಸುತ್ಕೊಳ್ಳುತ್ತೆ.

ಅನಾಫೇಸು ಕಮ್ಮಿ ಇರೋದು ದೋಷವೇ ಅಲ್ಲ ರೀ. 3 ಪಾಲು ಆಲ್ಕೋಹಾಲ್, 1 ಪಾಲು ಅಸಿಟಿಕ್ ಆಸಿಡ್ಡಲ್ಲಿ ಬೇರು ಫಿಕ್ಸ್ ಮಾಡಿದಾಗ ಪ್ರತೀ ಸೆಲ್ಲೂ ಆ ಕ್ಷಣ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತೆ, ಹಾಗಾಗಿ ಯಾವ ಹಂತಕ್ಕೆ ಜಾಸ್ತಿ ಹೊತ್ತು ಬೇಕೋ ಅದೇ ಸ್ಲೈಡಲ್ಲಿ ಜಾಸ್ತಿ ಕಾಣೋದು. ಡಿಎನ್‌ಎ ಎರಡರಷ್ಟಾಗೋದೂ ಸೇರಿ ಸೆಲ್ ಸೈಕಲ್‌ನ ಬಹುಪಾಲು ಇಂಟರ್‌ಫೇಸಲ್ಲೇ (ಎರಡು ಡಿವಿಷನ್ ನಡುವಿನ ಹೊತ್ತು) ಹೋಗುತ್ತೆ, ಅನಾಫೇಸು ಚಕ್ ಅಂತ ಮುಗಿಯುತ್ತೆ. 10ಎಕ್ಸ್‌ನಲ್ಲಿ ಇಡೀ ಸ್ಲೈಡ್ ಸಾಲುಸಾಲಾಗಿ ಜಾಲಾಡಿ, ಆಮೇಲೆ 40ಕ್ಕೆ ಹೋಗಿ.

ಪ್ರಶ್ನೆ ಕೇಳಿದವರು:
ಸಿಕ್ತು, ಎರಡು ಗುಂಪು ದೂರ ಸರೀತಿರೋದು ಸ್ಪಷ್ಟವಾಗಿದೆ! ಈಗ ಇನ್ನೊಂದು ತಲೆನೋವು, ಟೀಲೋಫೇಸಾ (ಡಿವಿಷನ್‌ನ ಕೊನೇ ಹಂತ) ಇಲ್ಲಾ ಪಕ್ಕಪಕ್ಕದ ಎರಡು ಮಾಮೂಲಿ ಸೆಲ್ಲಾ, ಹೇಗೆ ಹೇಳೋದು?

ಉತ್ತರ 3:
ಟೀಲೋಫೇಸಾದ್ರೆ ಎರಡೂ ನ್ಯೂಕ್ಲಿಯಸ್ ಒಂದೇ ಅಳತೆ, ಚಿಕ್ಕವು, ಇನ್ನೂ ಗಾಢ, ಎದುರುಬದುರು ಇರ್ತವೆ, ಮಧ್ಯೆ ಸಣ್ಣ ಗೆರೆ ಕಾಣುತ್ತೆ, ಅದು ಸೆಲ್ ಪ್ಲೇಟ್. ಪ್ರಾಣಿ ಸೆಲ್ಲಿನ ಹಾಗೆ ಸೊಂಟ ಕಿರಿದಾಗೋದು ಇಲ್ಲಿಲ್ಲ, ಗೋಡೆ ನಡುವಿಂದ ಹೊರಕ್ಕೆ ಬೆಳೆಯುತ್ತೆ, ಅದಕ್ಕೇ ಕೆಲವು ಸೆಲ್ಲಲ್ಲಿ ಆ ಗೆರೆ ಅಂಚು ಮುಟ್ಟಿರಲ್ಲ. ಅಂಥದ್ದು ಕಂಡ್ರೆ ಅನುಮಾನವೇ ಬೇಡ, ಮೊದ್ಲು ಫೋಟೋ ತಗೊಳ್ಳಿ.